ಕುರೊಸಾವಾ, ಓಜು, ಮಿಜೊಗುಚಿ, ನರುಸೆ: ಜಪಾನೀ ಸಿನಿಮಾ ಯಾರಿಂದ ಶುರು ಮಾಡಬೇಕು?

ಜಪಾನಿನ ಹಳೆಯ ಸಿನಿಮಾ ನೋಡಬೇಕು ಅಂತ ಆಸೆಪಡುವವರು ಸಾಮಾನ್ಯವಾಗಿ ಒಂದು ಪಟ್ಟಿ ಹುಡುಕುತ್ತಾರೆ. ಅದರಲ್ಲಿ ಮೇಲಿರುವುದನ್ನು ಮೊದಲು ನೋಡುತ್ತಾರೆ. ಅದು ಹಿಡಿಸದಿದ್ದರೆ ಅಲ್ಲಿಗೇ ಬಿಟ್ಟುಬಿಡುತ್ತಾರೆ. ನನ್ನ ಗೆಳೆಯರಲ್ಲೇ ಮೂರ್ನಾಲ್ಕು ಜನ 'ಟೋಕಿಯೋ ಸ್ಟೋರಿ'ಯನ್ನು ಅರ್ಧಕ್ಕೆ ನಿಲ್ಲಿಸಿ, ಇದೆಲ್ಲ ನಮಗಲ್ಲ ಎಂದುಬಿಟ್ಟರು. ನನಗೆ ಬೇಜಾರಾಗಿದ್ದು ಅವರ ರುಚಿಯ ಬಗ್ಗೆ ಅಲ್ಲ. ಅದೇ ವಾರ ಅವರ ಕೈಗೆ 'ಇಕಿರು' ಸಿಕ್ಕಿದ್ದರೆ ಕಥೆಯೇ ಬೇರೆ ಆಗುತ್ತಿತ್ತು.

ಅದಕ್ಕೇ ಈ ಬರಹ. ಯಾರು ದೊಡ್ಡವರು, ಯಾರು ಚಿಕ್ಕವರು ಎಂದು ಇಲ್ಲಿ ತೂಗುವುದಿಲ್ಲ. ಅಕಿರಾ ಕುರೊಸಾವಾ, ಯಸುಜಿರೊ ಓಜು, ಕೆಂಜಿ ಮಿಜೊಗುಚಿ, ಮಿಕಿಯೊ ನರುಸೆ, ಈ ನಾಲ್ವರಲ್ಲಿ ನಿಮಗೆ ಮೊದಲು ಯಾರು ಹೊಂದುತ್ತಾರೆ ಎಂಬುದಷ್ಟೇ ಪ್ರಶ್ನೆ. ಕಥೆಯ ಒಳಗಿನ ಸಂಗತಿಗಳನ್ನು ಅಲ್ಲಲ್ಲಿ ಹೇಳಬೇಕಾಗುತ್ತದೆ. ಈ ಸಿನಿಮಾಗಳು ಕಥೆ ಗೊತ್ತಿದ್ದರೆ ಕೆಡುವಂಥವಲ್ಲ.

ನಾಲ್ವರೇ ಯಾಕೆ ಅಂದರೆ, ನಾಲ್ವರೂ ತಮ್ಮ ಅತ್ಯುತ್ತಮ ಕೆಲಸಗಳನ್ನು ಹೆಚ್ಚುಕಡಿಮೆ ಒಂದೇ ಹತ್ತು–ಹದಿನೈದು ವರ್ಷದಲ್ಲಿ ಮಾಡಿದರು. ಎರಡನೇ ಮಹಾಯುದ್ಧದಲ್ಲಿ ಸೋತ ಜಪಾನಿನ ಮೇಲಿದ್ದ ಅಮೆರಿಕದ ಸೇನೆಯ ಆಡಳಿತ 1952ರಲ್ಲಿ ಮುಗಿಯಿತು. ಆಮೇಲೆ ಜಪಾನಿನಲ್ಲಿ ಸಿನಿಮಾ ಉಕ್ಕಿ ಹರಿಯಿತು. 1958ರಲ್ಲಿ ಆ ದೇಶದಲ್ಲಿ ಮಾರಾಟವಾದ ಟಿಕೆಟ್ 112 ಕೋಟಿಗೂ ಜಾಸ್ತಿ. ಆಗಿನ ಜನಸಂಖ್ಯೆ ಸುಮಾರು 9 ಕೋಟಿ. ಹಸುಗೂಸುಗಳನ್ನೂ ಲೆಕ್ಕಕ್ಕೆ ಹಿಡಿದರೆ ಪ್ರತಿಯೊಬ್ಬರೂ ತಿಂಗಳಿಗೊಂದು ಸಿನಿಮಾ ನೋಡಿದಂತಾಯಿತು. ತೋಹೊ, ಶೋಚಿಕು, ದಾಯೆ ಮುಂತಾದ ಸ್ಟುಡಿಯೋಗಳು ನಿರ್ದೇಶಕರನ್ನೂ ನಟರನ್ನೂ ಕ್ಯಾಮೆರಾದವರನ್ನೂ ಸಂಬಳಕ್ಕೆ ಇಟ್ಟುಕೊಂಡಿದ್ದವು. ಹೀಗಾಗಿ ಒಂದೇ ತಂಡ ವರ್ಷಗಟ್ಟಲೆ ಒಟ್ಟಿಗೆ ಪಳಗುತ್ತಿತ್ತು. ಆಮೇಲೆ ಟಿವಿ ಬಂತು, ಜನ ಮನೆಯಲ್ಲೇ ಕೂತರು. 1971ರಲ್ಲಿ ದಾಯೆ ದಿವಾಳಿಯಾಯಿತು. ಆ ನಡುವಿನ ಕಾಲವೇ ನಮ್ಮ ಸರಕು.

ಸಾವಾದ ಮೇಲೆ ಏನು ತೋರಿಸುತ್ತಾರೆ?

ನಾಲ್ವರ ವ್ಯತ್ಯಾಸ ತಿಳಿಯಲು ನನಗೆ ತುಂಬ ಉಪಯೋಗಕ್ಕೆ ಬಂದದ್ದು ಒಂದೇ ಪ್ರಶ್ನೆ. ಮನೆಯಲ್ಲಿ ಒಬ್ಬರು ತೀರಿಕೊಂಡರೆ, ಆಮೇಲೆ ಈ ನಿರ್ದೇಶಕ ಏನನ್ನು ತೋರಿಸುತ್ತಾನೆ? 1952 ಮತ್ತು 1953, ಈ ಎರಡೇ ವರ್ಷದಲ್ಲಿ ಬಂದ ಮೂರು ಸಿನಿಮಾ ಪಕ್ಕಪಕ್ಕ ಇಟ್ಟು ನೋಡೋಣ.

ಕುರೊಸಾವಾ ಅವರ 'ಇಕಿರು' 1952ರದ್ದು. ವತನಾಬೆ ಎಂಬ ನಗರಸಭೆಯ ಅಧಿಕಾರಿ. ಮೂವತ್ತು ವರ್ಷ ಮೊಹರು ಒತ್ತುತ್ತಾ ಕೂತವರು. ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾಗುತ್ತದೆ. ಕೊಳಚೆ ನಿಂತ ಜಾಗದಲ್ಲಿ ಮಕ್ಕಳಿಗೊಂದು ಪಾರ್ಕ್ ಮಾಡಿಸಬೇಕು ಎಂದು ಹೊರಡುತ್ತಾರೆ. ಸಿನಿಮಾ ಇನ್ನೂ ಮೂರನೇ ಒಂದು ಭಾಗ ಉಳಿದಿರುವಾಗಲೇ ಅವರು ಸತ್ತಿರುತ್ತಾರೆ. ಮುಂದಿನ ದೃಶ್ಯದಲ್ಲಿ ಅವರ ಫೋಟೋ, ಅದರ ಮುಂದೆ ಕೂತ ಸಹೋದ್ಯೋಗಿಗಳು. ಕುಡಿಯುತ್ತಾ ವಾದ ಮಾಡುತ್ತಾರೆ. ಪಾರ್ಕ್ ಮಾಡಿಸಿದ್ದು ಯಾರು? ಅವರಿಗೆ ರೋಗ ಗೊತ್ತಿತ್ತಾ? ಒಬ್ಬೊಬ್ಬರೂ ತಾವು ಕಂಡದ್ದನ್ನು ಹೇಳುತ್ತಾ ಹೋಗುತ್ತಾರೆ. ರಾತ್ರಿ ಕಳೆಯುವ ಹೊತ್ತಿಗೆ ಎಲ್ಲರೂ ಅಳುತ್ತಾ, ನಾವೂ ಅವರ ಹಾಗೆ ದುಡಿಯುತ್ತೇವೆ ಎಂದು ಆಣೆ ಹಾಕುತ್ತಾರೆ. ಮಾರನೆಯ ದಿನ ಕಚೇರಿ ಎಂದಿನಂತೆ ನಡೆಯುತ್ತದೆ. ಸಾವು ಕುರೊಸಾವಾಗೆ ಒಂದು ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ನಮ್ಮನ್ನೂ ಎಳೆದುಕೊಂಡು ಹೋಗುತ್ತಾರೆ.

ಓಜು ಅವರ 'ಟೋಕಿಯೋ ಸ್ಟೋರಿ' 1953ರದ್ದು. ಒನೊಮಿಚಿ ಎಂಬ ಕಡಲ ತೀರದ ಊರಿನ ವೃದ್ಧ ದಂಪತಿ ಮಕ್ಕಳನ್ನು ನೋಡಲು ಟೋಕಿಯೋಗೆ ಹೋಗುತ್ತಾರೆ. ದೊಡ್ಡ ಮಗ ಡಾಕ್ಟರ್, ಮಗಳು ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಇಬ್ಬರಿಗೂ ಪುರುಸೊತ್ತಿಲ್ಲ. ಪ್ರೀತಿಯಿಂದ ನೋಡಿಕೊಳ್ಳುವುದು ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಸೊಸೆ ನೊರಿಕೊ. ಊರಿಗೆ ಮರಳಿದ ಮೇಲೆ ತಾಯಿ ತೀರಿಕೊಳ್ಳುತ್ತಾರೆ. ಆ ನಸುಕಿನಲ್ಲಿ ತಂದೆ ಕಾಣುವುದಿಲ್ಲ. ನೊರಿಕೊ ಹುಡುಕಿಕೊಂಡು ಬಂದರೆ, ಅವರು ಹೊರಗೆ ಒಬ್ಬರೇ ನಿಂತಿದ್ದಾರೆ. ಬೆಳಗು ಎಷ್ಟು ಚೆನ್ನಾಗಿತ್ತು, ಇವತ್ತೂ ಸೆಕೆ ಜಾಸ್ತಿ ಆಗುತ್ತೆ ಅನ್ನುತ್ತಾರೆ. ಅಷ್ಟೇ. ಅವರು ಅಳುವುದಿಲ್ಲ. ಅಂತ್ಯಕ್ರಿಯೆ ಮುಗಿದು ಊಟಕ್ಕೆ ಕೂತಾಗ ಮಗಳು ಅಮ್ಮನ ಕಿಮೊನೊ ತನಗೆ ಬೇಕು ಎಂದು ಕೇಳುತ್ತಾಳೆ. ಅವಳೇನು ಕೆಟ್ಟವಳಲ್ಲ. ಇಂಥ ಮಾತು ಎಲ್ಲರ ಮನೆಯಲ್ಲೂ ಆಗುವುದೇ ಅಲ್ವಾ? ನಮ್ಮ ಅಜ್ಜಿ ಹೋದ ವಾರ ಅಜ್ಜಿಯ ಸೀರೆಗಳ ಬಗ್ಗೆ ನಡೆದ ಮಾತು ನನಗೆ ಆ ದೃಶ್ಯದಲ್ಲಿ ಹಾಗೇ ಕೇಳಿಸಿತು.

ಮಿಜೊಗುಚಿ ಅವರ 'ಉಗೆತ್ಸು' ಕೂಡ 1953ರದ್ದೇ. ಕಥೆ 16ನೇ ಶತಮಾನದ ಅಂತರ್ಯುದ್ಧದ ಕಾಲದ್ದು. ಗೆಂಜುರೊ ಎಂಬ ಕುಂಬಾರ ದುಡ್ಡಿನಾಸೆಗೆ ಹೆಂಡತಿ ಮಗನನ್ನು ಬಿಟ್ಟು ಪಟ್ಟಣ ಸೇರುತ್ತಾನೆ. ಅಲ್ಲಿ ಒಬ್ಬ ಶ್ರೀಮಂತ ಹೆಣ್ಣಿನ ಮೋಹಕ್ಕೆ ಬೀಳುತ್ತಾನೆ. ಅವಳು ಮನುಷ್ಯಳಲ್ಲ, ಪ್ರೇತ. ಇತ್ತ ಹಸಿದ ಸೈನಿಕರು ಒಂದು ಹಿಡಿ ತಿಂಡಿಗಾಗಿ ಹೆಂಡತಿ ಮಿಯಾಗಿಯನ್ನು ಈಟಿಯಿಂದ ತಿವಿಯುತ್ತಾರೆ. ಕೊನೆಗೆ ಗೆಂಜುರೊ ರಾತ್ರಿ ಮನೆಗೆ ಬರುತ್ತಾನೆ. ಒಳಗೆ ಯಾರೂ ಇಲ್ಲ, ಒಲೆ ತಣ್ಣಗಿದೆ. ಹಿಂಬಾಗಿಲಿಂದ ಹೊರಗೆ ಹೋಗಿ ಮನೆ ಸುತ್ತು ಹಾಕುತ್ತಾನೆ. ಕ್ಯಾಮೆರಾ ಒಳಗಿನಿಂದಲೇ ಅವನ ಜೊತೆ ನಿಧಾನ ತಿರುಗುತ್ತದೆ. ಅವನು ಮುಂಬಾಗಿಲಿಗೆ ಬರುವ ಹೊತ್ತಿಗೆ ಒಲೆ ಉರಿಯುತ್ತಿದೆ, ಹೆಂಡತಿ ಅಡುಗೆ ಮಾಡುತ್ತಾ ಕೂತಿದ್ದಾಳೆ. ನಡುವೆ ಒಂದೂ ಕತ್ತರಿ ಬಿದ್ದಿಲ್ಲ. ಬೆಳಗಾದ ಮೇಲೆ ಊರಿನವರು ಬಂದು ಹೇಳಿದಾಗಲೇ ಅವಳು ಸತ್ತಿದ್ದಾಳೆ ಎಂದು ಅವನಿಗೆ ಗೊತ್ತಾಗುವುದು. ಮಿಜೊಗುಚಿಗೆ ಸತ್ತವರು ದೂರ ಹೋದವರಲ್ಲ, ಅದೇ ಮನೆಯಲ್ಲಿ ಇದ್ದಾರೆ.

ಈಗ ನಿಮಗೆ ಯಾವುದು ತಟ್ಟಿತು ನೋಡಿ. ಮಾತು, ವಾದ, ಬಿಸಿ ಬೇಕೆನಿಸಿದರೆ ಕುರೊಸಾವಾ. ಹೇಳದೆ ಉಳಿದ ಮಾತು ನಿಮಗೆ ಹೆಚ್ಚು ಕೇಳಿಸುತ್ತದೆ ಅಂದರೆ ಓಜು. ಹಳೆಯ ಕಥೆ, ಮಂಜು, ದೋಣಿ, ದೆವ್ವ, ಬಿಡದೆ ಸಾಗುವ ಕ್ಯಾಮೆರಾ ಬೇಕು ಅಂದರೆ ಮಿಜೊಗುಚಿ.

ನರುಸೆ ಈ ಸಾಲಿನಲ್ಲಿ ಯಾಕಿಲ್ಲ? ಅವರ ಸಿನಿಮಾಗಳಲ್ಲಿ ಸಾವಿಗಿಂತ ಬದುಕೇ ಕಷ್ಟ. 1960ರ 'ವೆನ್ ಅ ವುಮನ್ ಅಸೆಂಡ್ಸ್ ದ ಸ್ಟೇರ್ಸ್' ನೋಡಿ. ಕೆಕೊ ಎಂಬ ವಿಧವೆ ಟೋಕಿಯೋದ ಗಿಂಜಾದಲ್ಲಿ ಒಂದು ಬಾರ್ ನೋಡಿಕೊಳ್ಳುತ್ತಾಳೆ. ಗಂಡ ಸತ್ತದ್ದು ಸಿನಿಮಾ ಶುರುವಾಗುವ ಮೊದಲೇ. ಉಳಿದಿರುವುದು ಮನೆ ಬಾಡಿಗೆ, ಕಿಮೊನೊ ಖರ್ಚು, ಗಿರಾಕಿಗಳ ಬಾಕಿ. ಅದರ ಮೇಲೆ ಅಣ್ಣನ ಕೋರ್ಟು ಖರ್ಚು, ಅವನ ಮಗನ ಪೋಲಿಯೋ ಕಾಲಿನ ಆಪರೇಷನ್ ಖರ್ಚು. ದಿನಾ ಸಂಜೆ ಬಾರಿನ ಮೆಟ್ಟಿಲು ಹತ್ತುವುದೆಂದರೆ ಅವಳಿಗೆ ಅಸಹ್ಯ. ಆದರೂ ಹತ್ತುತ್ತಾಳೆ. ದುಡ್ಡಿನ ಲೆಕ್ಕವನ್ನು ಇಷ್ಟು ಸೂಕ್ಷ್ಮವಾಗಿ ತೋರಿಸಿದ ಇನ್ನೊಬ್ಬ ನಿರ್ದೇಶಕನನ್ನು ನಾನು ಕಂಡಿಲ್ಲ. ಕೈಯಲ್ಲಿ ನಾಲ್ಕು ಕಾಸು ಇಟ್ಟುಕೊಂಡು ತಿಂಗಳು ಸಾಗಿಸಿದವರಿಗೆ ನರುಸೆ ಬೇಗ ಅರ್ಥವಾಗುತ್ತಾರೆ.

ಕುರೊಸಾವಾ: 'ರಶೋಮನ್', 'ಸೆವೆನ್ ಸಮುರಾಯ್', ಇಲ್ಲ 'ಹೈ ಆ್ಯಂಡ್ ಲೋ'?

ಎಲ್ಲರೂ ಹೇಳುವುದು 'ರಶೋಮನ್'. 1950ರ ಈ ಸಿನಿಮಾ 1951ರಲ್ಲಿ ವೆನಿಸ್ ಚಿತ್ರೋತ್ಸವದ ಮೊದಲ ಬಹುಮಾನ ಗೋಲ್ಡನ್ ಲಯನ್ ಪಡೆಯಿತು. ಜಪಾನೀ ಸಿನಿಮಾ ಎಂಬುದೊಂದು ಇದೆ ಎಂದು ಯೂರೋಪಿಗೂ ಅಮೆರಿಕಕ್ಕೂ ಗೊತ್ತಾಗಿದ್ದೇ ಆವತ್ತು. ಅದನ್ನು ವೆನಿಸ್‌ಗೆ ಕಳಿಸಿದ್ದು ಕುರೊಸಾವಾಗೇ ತಿಳಿದಿರಲಿಲ್ಲ. ಒಂದು ಕೊಲೆ, ನಾಲ್ಕು ಬಗೆಯ ಹೇಳಿಕೆ. ಸತ್ತವನು ಕೂಡ ಮೈಮೇಲೆ ಬಂದವಳ ಬಾಯಲ್ಲಿ ತನ್ನ ಮಾತು ಹೇಳುತ್ತಾನೆ. ಒಂದೇ ಘಟನೆಯನ್ನು ಬೇರೆ ಬೇರೆ ಕಣ್ಣಿಂದ ಹೇಳುವ ಈ ದಾರಿ ಲೋಕವೆಲ್ಲ ಹಬ್ಬಿತು. ಮಲ್ಪೆಯಲ್ಲಿ ನಡೆಯುವ ನಮ್ಮ 'ಉಳಿದವರು ಕಂಡಂತೆ' (2014) ನೋಡಿದ್ದರೆ ನಿಮಗೆ ಅದರ ರುಚಿ ಆಗಲೇ ಗೊತ್ತು.

ಆದರೂ ಮೊದಲ ಸಿನಿಮಾ ಆಗಿ 'ರಶೋಮನ್' ಬೇಡ ಅನ್ನುತ್ತೇನೆ. ಅದರ ನಟನೆ ಬೇಕೆಂದೇ ದೊಡ್ಡ ದನಿಯದು, ಮೂಕಿ ಸಿನಿಮಾದ ಹತ್ತಿರದ್ದು. ತೋಷಿರೊ ಮಿಫುನೆ ಪ್ರಾಣಿಯ ಹಾಗೆ ಮೈ ಕೆರೆದುಕೊಳ್ಳುತ್ತಾ ಗಹಗಹಿಸುತ್ತಾರೆ. ಅಭ್ಯಾಸ ಇಲ್ಲದವರಿಗೆ ಅದು ಅತಿ ಅನಿಸಿಬಿಡುತ್ತದೆ. ಅವಧಿ ಒಂದೂವರೆ ಗಂಟೆಗೂ ಕಡಿಮೆ ಎನ್ನುವುದೊಂದೇ ಅನುಕೂಲ. ಮೂರನೆಯದಾಗಿ ನೋಡಿ, ಕಾಡಿನ ಎಲೆಗಳ ನಡುವಿನಿಂದ ಸೂರ್ಯನಿಗೇ ಕ್ಯಾಮೆರಾ ಹಿಡಿದ ಕಜುವೊ ಮಿಯಾಗಾವಾ ಅವರ ಕೆಲಸ ಆಗ ಕಣ್ಣಿಗೆ ಬೀಳುತ್ತದೆ.

1954ರ 'ಸೆವೆನ್ ಸಮುರಾಯ್' 207 ನಿಮಿಷದ್ದು. ಹೆದರಬೇಡಿ. ಸಿನಿಮಾದ ಒಳಗೇ ವಿರಾಮ ಇದೆ, ಎರಡು ರಾತ್ರಿ ಮಾಡಿಕೊಂಡು ನೋಡಬಹುದು. ದರೋಡೆಕೋರರಿಂದ ಪೈರು ಉಳಿಸಿಕೊಳ್ಳಲು ಬಡ ರೈತರು ಹೊಟ್ಟೆಗೆ ಅನ್ನ ಮಾತ್ರ ಕೊಡುತ್ತೇವೆ ಎಂದು ಸಮುರಾಯ್‌ಗಳನ್ನು ಹುಡುಕುವ ಕಥೆ. ಮೊದಲ ಅರ್ಧ ಬರೀ ಜನ ಸೇರಿಸುವುದು, ಊರಿನ ನಕ್ಷೆ ಹಾಕುವುದು. ಕೊನೆಯ ಮಳೆಯ ಕಾಳಗ ಬರುವ ಹೊತ್ತಿಗೆ ಆ ಊರಿನ ಸೇತುವೆ, ಗದ್ದೆ, ಬೇಲಿ ಎಲ್ಲವೂ ನಿಮಗೆ ಗೊತ್ತಿರುತ್ತದೆ. ಯಾರು ಎಲ್ಲಿ ನಿಂತಿದ್ದಾರೆ ಎಂದು ಒಮ್ಮೆಯೂ ಗೊಂದಲವಾಗುವುದಿಲ್ಲ. ಒಂದೇ ದೃಶ್ಯಕ್ಕೆ ಹಲವು ಕ್ಯಾಮೆರಾ ಇಟ್ಟು ಒಟ್ಟಿಗೆ ಓಡಿಸುವ ಅಭ್ಯಾಸ ಕುರೊಸಾವಾಗೆ ಹತ್ತಿದ್ದು ಇಲ್ಲೇ. ದೂರದಲ್ಲಿ ನಿಂತ ಉದ್ದ ಲೆನ್ಸ್ ಕುದುರೆ, ಕೆಸರು, ಮನುಷ್ಯರನ್ನು ಒಂದರ ಮೇಲೊಂದು ಒತ್ತಿಬಿಡುತ್ತದೆ.

ನನ್ನ ಆಯ್ಕೆ ಕೇಳಿದರೆ, ಇಂದಿನ ಪ್ರೇಕ್ಷಕರಿಗೆ ಸುಲಭದ ದಾರಿ 1963ರ 'ಹೈ ಆ್ಯಂಡ್ ಲೋ'. ಕತ್ತಿ ಇಲ್ಲ, ಸಮುರಾಯ್ ಇಲ್ಲ. ಯೊಕೊಹಾಮಾದ ಗುಡ್ಡದ ಮೇಲೆ ಶೂ ಕಂಪನಿಯ ಒಬ್ಬ ದೊಡ್ಡ ಅಧಿಕಾರಿಯ ಮನೆ. ಅಪಹರಣಕಾರ ಅವನ ಮಗ ಎಂದುಕೊಂಡು ಡ್ರೈವರ್‌ನ ಮಗನನ್ನು ಹೊತ್ತೊಯ್ದಿದ್ದಾನೆ. ಬೇರೆಯವರ ಮಗುವಿಗಾಗಿ ಇದ್ದದ್ದೆಲ್ಲ ಕೊಡಬೇಕಾ? ಮೊದಲ ಒಂದು ಗಂಟೆ ಹೆಚ್ಚುಕಡಿಮೆ ಒಂದೇ ಕೋಣೆಯಲ್ಲಿ ನಡೆಯುತ್ತದೆ. ಆದರೂ ಕಣ್ಣು ಕೀಳಲು ಆಗುವುದಿಲ್ಲ. ಮನೆಯವರೆಲ್ಲ ಕೂತು ನೋಡುವುದಾದರೆ ನಾನು ಇದನ್ನೇ ಹಾಕುತ್ತೇನೆ. ಒಬ್ಬರೇ ನೋಡುವುದಾದರೆ 'ಇಕಿರು'.

ಓಜು: ಹೆಸರಾದದ್ದನ್ನು ಕೊನೆಗಿಡಿ

2012ರಲ್ಲಿ ಬ್ರಿಟನ್ನಿನ 'ಸೈಟ್ ಆ್ಯಂಡ್ ಸೌಂಡ್' ಪತ್ರಿಕೆ ಲೋಕದ ನಿರ್ದೇಶಕರ ಮತ ಕೇಳಿದಾಗ 'ಟೋಕಿಯೋ ಸ್ಟೋರಿ' ಮೊದಲ ಸ್ಥಾನಕ್ಕೆ ಬಂತು. ಪಟ್ಟಿ ನೋಡಿ ಶುರು ಮಾಡುವವರು ನೇರವಾಗಿ ಇದರ ಮುಂದೆ ಹೋಗಿ ಕೂರುತ್ತಾರೆ. ಎರಡು ಕಾಲು ಗಂಟೆ. ಕ್ಯಾಮೆರಾ ಒಂದೆರಡು ಕಡೆ ಬಿಟ್ಟರೆ ಅಲುಗುವುದೇ ಇಲ್ಲ. ಚಾಪೆಯ ಮೇಲೆ ಕೂತವರ ಕಣ್ಣಿಗಿಂತಲೂ ಕೆಳಗೆ ಅದು ಕೂತಿರುತ್ತದೆ. ಮಾತಾಡುವವರು ಹೆಚ್ಚುಕಡಿಮೆ ನಮ್ಮನ್ನೇ ನೋಡಿ ಮಾತಾಡುತ್ತಾರೆ. ಎರಡು ದೃಶ್ಯದ ನಡುವೆ ಖಾಲಿ ಓಣಿ, ಒಗೆದು ಹರವಿದ ಬಟ್ಟೆ, ಹೊಗೆ ಕೊಳವೆ ಬಂದು ಹೋಗುತ್ತವೆ. ಈ ನಡೆಗೆ ಕಣ್ಣು ಹೊಂದಿಕೊಳ್ಳಲು ಒಂದು ಸಿನಿಮಾ ಬೇಕೇ ಬೇಕು. ಆ ಒಂದನ್ನು ಯಾಕೆ ಅವರ ಅತ್ಯುತ್ತಮ ಸಿನಿಮಾದ ಮೇಲೆ ಖರ್ಚು ಮಾಡಬೇಕು?

ಅದಕ್ಕೆ ನಾನು ಹೇಳುವುದು 'ಗುಡ್ ಮಾರ್ನಿಂಗ್', 1959ರದ್ದು, ಬಣ್ಣದ್ದು, ಒಂದೂವರೆ ಗಂಟೆಯದು. ಟೋಕಿಯೋ ಅಂಚಿನ ಒಂದು ಬಡಾವಣೆ. ಎಲ್ಲ ಮನೆಯೂ ಒಂದೇ ತರಹ, ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳುವಷ್ಟು ಹತ್ತಿರ. ಟಿವಿ ಕೊಡಿಸಿ ಎಂದು ಹಠ ಹಿಡಿದ ಇಬ್ಬರು ಹುಡುಗರಿಗೆ ಅಪ್ಪ ಬಾಯಿ ಮುಚ್ಚಿ ಅನ್ನುತ್ತಾರೆ. ದೊಡ್ಡವರು ಮಾತ್ರ ದಿನಾ ನಮಸ್ಕಾರ, ಹವೆ ಚೆನ್ನಾಗಿದೆ ಅಂತ ಸುಮ್ನೆ ಮಾತಾಡುತ್ತಾರಲ್ಲ ಎಂದು ಹುಡುಗರು ಮಾತೇ ಬಿಟ್ಟುಬಿಡುತ್ತಾರೆ. ಮಕ್ಕಳ ಹೂಸಿನ ಆಟಕ್ಕೆ ಮನೆಯ ಚಿಕ್ಕವರು ಬಿದ್ದು ಬಿದ್ದು ನಗುತ್ತಾರೆ. ನಗುತ್ತಲೇ ನೀವು ಓಜುವಿನ ಕೆಳಗಿನ ಕ್ಯಾಮೆರಾಗೆ, ಖಾಲಿ ಶಾಟ್‌ಗಳಿಗೆ ಒಗ್ಗಿಬಿಟ್ಟಿರುತ್ತೀರಿ. ಈ ಹುಡುಗರ ಮೌನ ಮುಷ್ಕರದ ಬೀಜ 1932ರ ಅವರದೇ ಮೂಕಿ ಸಿನಿಮಾ 'ಐ ವಾಸ್ ಬಾರ್ನ್, ಬಟ್...'ನಲ್ಲಿದೆ. ಅದೂ ಸೊಗಸಾಗಿದೆ.

ಎರಡನೆಯದು 1949ರ 'ಲೇಟ್ ಸ್ಪ್ರಿಂಗ್'. ವಿಧುರ ತಂದೆ, ಅವರನ್ನು ಬಿಟ್ಟು ಹೋಗಲು ಇಷ್ಟವಿಲ್ಲದ ಮಗಳು. ಮಗಳು ಮದುವೆಗೆ ಒಪ್ಪಲಿ ಎಂದು ತಂದೆ ತಾನೂ ಮತ್ತೆ ಮದುವೆಯಾಗುತ್ತೇನೆ ಎಂದು ಸುಳ್ಳು ಹೇಳುತ್ತಾರೆ. ಮದುವೆ ಮುಗಿದ ರಾತ್ರಿ ಒಬ್ಬರೇ ಕೂತು ಸೇಬಿನ ಸಿಪ್ಪೆ ಸುಲಿಯುತ್ತಾರೆ. ಮದುವೆಯ ದೃಶ್ಯ ಇಲ್ಲವೇ ಇಲ್ಲ, ವರನ ಮುಖವನ್ನೂ ನಾವು ಕಾಣುವುದಿಲ್ಲ. ಮಗಳನ್ನು ಧಾರೆ ಎರೆದು ಕಳಿಸಿದ ಮನೆಯವರಿಗೆ ಆ ರಾತ್ರಿಯ ಸದ್ದಿಲ್ಲದ ಮನೆ ಹೇಗಿರುತ್ತದೆ ಎಂದು ನಾನು ವಿವರಿಸಬೇಕಿಲ್ಲ. ಮಗಳಾಗಿ ಸೆತ್ಸುಕೊ ಹಾರಾ, ತಂದೆಯಾಗಿ ಚಿಷು ರ್ಯು. 'ಟೋಕಿಯೋ ಸ್ಟೋರಿ'ಯಲ್ಲಿ ಎಪ್ಪತ್ತರ ಮುದುಕನಾಗಿ ಕಾಣುವ ರ್ಯು ಅವರಿಗೆ ಆಗ ಇನ್ನೂ ಐವತ್ತು ತುಂಬಿರಲಿಲ್ಲ. ಇಷ್ಟಾದ ಮೇಲೆ, ಒಂದು ನಿಶ್ಶಬ್ದದ ರಾತ್ರಿ, ಫೋನ್ ಬೇರೆ ಕೋಣೆಯಲ್ಲಿ ಇಟ್ಟು 'ಟೋಕಿಯೋ ಸ್ಟೋರಿ' ನೋಡಿ.

ಮಿಜೊಗುಚಿ ಮತ್ತು ನರುಸೆ: ಹೆಣ್ಣಿನ ಪಾಡು, ಎರಡು ಬಗೆ

ಇಬ್ಬರೂ ಹೆಂಗಸರ ಕಥೆ ಹೇಳಿದವರು. ಆದರೆ ಒಬ್ಬರ ಜಾಗದಲ್ಲಿ ಇನ್ನೊಬ್ಬರನ್ನು ನೋಡಿದರೆ ಆಗುವುದಿಲ್ಲ.

ಮಿಜೊಗುಚಿ ಚಿಕ್ಕವರಿದ್ದಾಗ ಮನೆಯ ಬಡತನಕ್ಕೆ ಅಕ್ಕನನ್ನು ಗೇಯ್ಷಾ (ಹಾಡು, ಕುಣಿತ, ಮಾತಿನಿಂದ ಗಿರಾಕಿಗಳನ್ನು ರಂಜಿಸುವವಳು) ಮಾಡಲು ಕೊಟ್ಟರು. ಆ ಅಕ್ಕನೇ ಮುಂದೆ ಅವರಿಗೆ ಆಸರೆಯಾದರು. ಮಾರಾಟವಾದ ಹೆಣ್ಣು ಅವರ ಸಿನಿಮಾಗಳಲ್ಲಿ ಮತ್ತೆ ಮತ್ತೆ ಬರುತ್ತಾಳೆ. 1954ರ 'ಸಾನ್ಶೋ ದ ಬೇಲಿಫ್' ನನ್ನ ಪ್ರಕಾರ ನಾಲ್ವರ ಎಲ್ಲ ಸಿನಿಮಾಗಳಲ್ಲಿ ಅತಿ ಹೆಚ್ಚು ನೋವು ಕೊಡುವಂಥದ್ದು. ರೈತರ ಪರ ನಿಂತ ತಂದೆಯನ್ನು ದೂರಕ್ಕೆ ಅಟ್ಟುತ್ತಾರೆ. ದಾರಿಯಲ್ಲಿ ತಾಯಿಯನ್ನೂ ಮಕ್ಕಳನ್ನೂ ಹಿಡಿದು ಬೇರೆ ಬೇರೆ ಕಡೆ ಮಾರುತ್ತಾರೆ. ತಾಯಿ ಸಾಡೊ ದ್ವೀಪಕ್ಕೆ, ಮಕ್ಕಳು ಸಾನ್ಶೋ ಎಂಬ ಕ್ರೂರಿಯ ಜೀತಕ್ಕೆ. ವರ್ಷಗಳ ಮೇಲೆ, ಸಾಡೊದಿಂದ ಬಂದ ಒಬ್ಬ ಹುಡುಗಿ ಹಾಡುವ ಹಾಡಿನಲ್ಲಿ ಮಗಳಿಗೆ ತಮ್ಮಿಬ್ಬರ ಹೆಸರು ಕೇಳಿಸುತ್ತದೆ. ಅಮ್ಮ ಇನ್ನೂ ಬದುಕಿದ್ದಾಳೆ! ಮಗಳು ಕೆರೆಗೆ ಇಳಿಯುವ ದೃಶ್ಯದಲ್ಲಿ ನೀರಿನ ಮೇಲಿನ ಬಳೆಬಳೆ ಅಲೆ ಬಿಟ್ಟರೆ ಏನೂ ತೋರಿಸುವುದಿಲ್ಲ. ಮನಸ್ಸು ಭಾರವಿದ್ದ ದಿನ ಇದನ್ನು ನೋಡಬೇಡಿ. ಶುರುವಿಗೆ 'ಉಗೆತ್ಸು' ಸಾಕು, ಒಂದೂವರೆ ಗಂಟೆಯ ಮೇಲೆ ಸ್ವಲ್ಪ ಅಷ್ಟೇ. ದೆವ್ವದ ಕಥೆಯಾಗಿ ಹಿಡಿದು ಕೂರಿಸುತ್ತದೆ.

ನರುಸೆ ಇಷ್ಟು ದೂರಕ್ಕೆ ಹೋಗುವವರಲ್ಲ. ಅವರು ಕೆಲಸ ಕಲಿತದ್ದು ಓಜು ಇದ್ದ ಶೋಚಿಕುದಲ್ಲೇ. ನಮಗೆ ಇಬ್ಬರು ಓಜು ಬೇಡ ಎಂದು ಅಲ್ಲಿನ ಮುಖ್ಯಸ್ಥರು ಹೇಳಿದರಂತೆ. 1934ರಲ್ಲಿ ನರುಸೆ ಅಲ್ಲಿಂದ ಹೊರಬಿದ್ದರು. ಈಗ ನೋಡಿದರೆ ಇಬ್ಬರೂ ಎಷ್ಟು ಬೇರೆ ಅನಿಸುತ್ತದೆ. ಓಜುವಿನ ಮನೆಯಲ್ಲಿ ಊಟಕ್ಕೆ ಕೊರತೆ ಇರುವುದಿಲ್ಲ, ಮನಸ್ಸಿಗೆ ಇರುತ್ತದೆ. ನರುಸೆಯ ಮನೆಯಲ್ಲಿ ಎರಡಕ್ಕೂ ಕೊರತೆ. ಅವರ ಹೆಂಗಸರು ಅಳುತ್ತಾ ಕೂರುವುದಿಲ್ಲ. ಬೈಯುತ್ತಾರೆ, ಸಾಲ ವಸೂಲಿಗೆ ಹೋಗುತ್ತಾರೆ, ಕೆಲಸಕ್ಕೆ ಬಾರದ ಗಂಡಸನ್ನು ಗೊತ್ತಿದ್ದೂ ಪ್ರೀತಿಸುತ್ತಾರೆ. 1955ರ 'ಫ್ಲೋಟಿಂಗ್ ಕ್ಲೌಡ್ಸ್' ಇಂಥ ಪ್ರೀತಿಯ ಕಥೆಯೇ. ಹಿದೆಕೊ ತಕಾಮಿನೆ ಅದರಲ್ಲೂ ಇದ್ದಾರೆ, ಗಿಂಜಾ ಬಾರಿನ ಕೆಕೊ ಕೂಡ ಅವರೇ. ಐದನೇ ವಯಸ್ಸಿಗೆ ಬಾಲನಟಿಯಾಗಿ ಬಂದವರು. ಏನೂ ಹೇಳದೆ ಒಂದು ನೋಟವನ್ನು ತಿರುಗಿಸಿಬಿಡುವುದರಲ್ಲಿ ಅವರನ್ನು ಮೀರಿಸಿದವರಿಲ್ಲ.

ಹೊರದೇಶಕ್ಕೆ ಇವರು ತಲುಪಿದ ಕ್ರಮವೂ ಗಮನಿಸುವಂಥದ್ದು. ಕುರೊಸಾವಾ 1951ರಲ್ಲೇ ಹೆಸರಾದರು. ಬೆನ್ನಿಗೇ ಮಿಜೊಗುಚಿ, ವೆನಿಸ್‌ನಲ್ಲಿ ಸತತ ಮೂರು ವರ್ಷ ಬಹುಮಾನ. ಓಜುವನ್ನು ತೀರಾ ಜಪಾನೀ, ಹೊರಗಿನವರಿಗೆ ಅರ್ಥವಾಗಲ್ಲ ಎಂದು ತಡಮಾಡಿದರು. ನರುಸೆಯ ಕೆಲಸ ಯೂರೋಪಿನಲ್ಲಿ ಒಟ್ಟಾಗಿ ಕಂಡದ್ದು 1980ರ ದಶಕದಲ್ಲಿ, ಅವರು ತೀರಿಕೊಂಡು ಹದಿನೈದು ವರ್ಷದ ಹತ್ತಿರ. ನಮ್ಮ ಪಟ್ಟಿಗಳಲ್ಲಿ ಅವರ ಹೆಸರು ಕೆಳಗೆ ಇರುವುದಕ್ಕೆ ಈ ತಡವೂ ಕಾರಣ. ಹಾಗಂತ ಕೊನೆಯಲ್ಲಿ ನೋಡಬೇಕು ಎಂದೇನಿಲ್ಲ.

ನಿಮ್ಮ ಪರಿಸ್ಥಿತಿ ಬೇರೆಯೇ ಆಗಿದ್ದರೆ

ಸಮುರಾಯ್ ಸಿನಿಮಾ ಅಂತಲೇ ಬಂದವರಿಗೆ 'ಸೆವೆನ್ ಸಮುರಾಯ್' ಒಂದೇ ಆಯ್ಕೆ ಅಲ್ಲ. ಮಸಾಕಿ ಕೊಬಯಾಶಿ ಅವರ 'ಹರಾಕಿರಿ' (1962) ಇದೆ. ಹರಾಕಿರಿ ಅಂದರೆ ಸಮುರಾಯ್‌ಗಳು ಹೊಟ್ಟೆ ಸೀಳಿಕೊಂಡು ಸಾಯುವ ಪದ್ಧತಿ. ಕುರೊಸಾವಾಗೆ ಸಮುರಾಯ್ ಬಗ್ಗೆ ಇನ್ನೂ ಪ್ರೀತಿ ಇದೆ, ಕೊಬಯಾಶಿಗೆ ಆ ಇಡೀ ವ್ಯವಸ್ಥೆಯ ಮೇಲೆ ಕೋಪ. 1630ರಲ್ಲಿ ಕೆಲಸ ಕಳೆದುಕೊಂಡ ಒಬ್ಬ ಸಮುರಾಯ್ ದೊಡ್ಡ ಮನೆತನದ ಅಂಗಳದಲ್ಲಿ ಕೂತು ತನ್ನ ಕಥೆ ಹೇಳುತ್ತಾನೆ. ಬಹುಪಾಲು ಸಿನಿಮಾ ಆ ಕೂತ ಮಾತೇ. ಬಡತನಕ್ಕೆ ಕತ್ತಿ ಮಾರಿ ಬಿದಿರಿನ ಕತ್ತಿ ಇಟ್ಟುಕೊಂಡ ಹುಡುಗನ ದೃಶ್ಯ ನೋಡುವುದು ತುಂಬ ಕಷ್ಟ, ಮಕ್ಕಳ ಜೊತೆ ಬೇಡ. ನನಗೆ ಎರಡರಲ್ಲಿ 'ಹರಾಕಿರಿ'ಯೇ ಹೆಚ್ಚು ಕಾಡಿದ್ದು.

ಕಪ್ಪು ಬಿಳುಪು ಆಗೋದೇ ಇಲ್ಲ ಅನ್ನುವವರಿಗೆ ಹಿರೊಕಾಜು ಕೊರೆಎಡಾ ಅವರ 'ಸ್ಟಿಲ್ ವಾಕಿಂಗ್' (2008). ಸತ್ತ ಹಿರಿಮಗನ ವರ್ಷದ ದಿನಕ್ಕೆ ಮನೆಯವರು ಸೇರುತ್ತಾರೆ, ಒಂದು ದಿನದ ಕಥೆ. ಇದನ್ನು ಎಲ್ಲರೂ ಓಜು ಜೊತೆ ಹೋಲಿಸುತ್ತಾರೆ. ಕೊರೆಎಡಾ ಮಾತ್ರ ತಾನು ನರುಸೆಗೆ ಹತ್ತಿರ ಎಂದಿದ್ದಾರೆ. ಆ ತಾಯಿ ಅಡುಗೆ ಮಾಡುತ್ತಲೇ ಆಡುವ ಚುಚ್ಚುಮಾತು ಕೇಳಿದರೆ ಅವರು ಹೇಳಿದ್ದು ಸರಿ ಅನಿಸುತ್ತದೆ. ಇದು ಹಿಡಿಸಿದರೆ ಕಾನ್ ಚಿತ್ರೋತ್ಸವದ ಮೊದಲ ಬಹುಮಾನ ಪಾಮ್ ದೋರ್ ಪಡೆದ 'ಶಾಪ್‌ಲಿಫ್ಟರ್ಸ್' (2018).

ಗಾಡ್ಜಿಲ್ಲಾ ಬೇಕಿದ್ದರೆ 1954ರ ಮೂಲ ಜಪಾನೀ ಸಿನಿಮಾವನ್ನೇ ಆರಿಸಿ. ಅಮೆರಿಕದ ನಟನೊಬ್ಬನ ದೃಶ್ಯಗಳನ್ನು ಸೇರಿಸಿ ಮತ್ತೆ ಕತ್ತರಿಸಿದ 1956ರದ್ದು ಬೇಡ. 1954ರ ಮಾರ್ಚ್ 1ರಂದು ಬಿಕಿನಿ ದ್ವೀಪದ ಹೈಡ್ರೋಜನ್ ಬಾಂಬ್ ಪರೀಕ್ಷೆಯ ಬೂದಿ ಒಂದು ಜಪಾನೀ ಮೀನುಗಾರಿಕಾ ದೋಣಿಯ ಮೇಲೆ ಬಿತ್ತು. ನವೆಂಬರ್‌ನಲ್ಲಿ ಸಿನಿಮಾ ಬಂತು. ಮೂಲದಲ್ಲಿ ಆ ಭಯ, ಆಸ್ಪತ್ರೆಯ ಸಾಲು, ಮಕ್ಕಳ ಪ್ರಾರ್ಥನೆ ಎಲ್ಲ ಇದೆ.

ಮಕ್ಕಳಿಗೆ ಅನಿಮೇಷನ್ ತೋರಿಸುವವರಿಗೆ ಒಂದೇ ಎಚ್ಚರಿಕೆ. 'ಮೈ ನೇಬರ್ ಟೊಟೊರೊ' ಮತ್ತು 'ಗ್ರೇವ್ ಆಫ್ ದ ಫೈರ್‌ಫ್ಲೈಸ್' 1988ರಲ್ಲಿ ಒಂದೇ ದಿನ, ಒಂದೇ ಟಿಕೆಟ್ಟಿಗೆ ಜೋಡಿಯಾಗಿ ಬಂದವು. ಮೊದಲನೆಯದು ನಾಲ್ಕು ವರ್ಷದ ಮಗುವಿಗೂ ಸರಿ. ಎರಡನೆಯದು ಯುದ್ಧದಲ್ಲಿ ಹಸಿದು ಸಾಯುವ ಅಣ್ಣ ತಂಗಿಯ ಕಥೆ. ಮೊದಲು ನೀವೊಬ್ಬರೇ ನೋಡಿ.

ಇನ್ನು ಮೂಕಿ ಸಿನಿಮಾದಿಂದ ಕಾಲಾನುಕ್ರಮವಾಗಿ ಬರುತ್ತೇನೆ ಅನ್ನುವವರಿಗೆ ನಾನು ಬೇಡ ಅನ್ನುತ್ತೇನೆ. ಜಪಾನಿನ ಮೂಕಿ ಸಿನಿಮಾ ನಿಜವಾಗಿ ಮೂಕಿ ಆಗಿರಲಿಲ್ಲ. ಪರದೆಯ ಪಕ್ಕ ಬೆನ್ಶಿ ಎಂಬ ಕಲಾವಿದ ನಿಂತು ಎಲ್ಲ ಪಾತ್ರಗಳ ಮಾತು ಹೇಳುತ್ತಾ ಕಥೆ ನಡೆಸುತ್ತಿದ್ದ. ಜನ ಬೆನ್ಶಿಯ ಹೆಸರು ನೋಡಿ ಟಿಕೆಟ್ ಕೊಳ್ಳುತ್ತಿದ್ದರು. ಕುರೊಸಾವಾ ಅವರ ಅಣ್ಣ ಕೂಡ ಬೆನ್ಶಿಯಾಗಿದ್ದರು. ಆ ದನಿ ಇಲ್ಲದೆ ಇವತ್ತು ಆ ಸಿನಿಮಾ ನೋಡುವುದೆಂದರೆ ಭಾಗವತರಿಲ್ಲದ ಯಕ್ಷಗಾನ ನೋಡಿದ ಹಾಗೆ. ಅದರಲ್ಲೂ 1923ರ ಭೂಕಂಪ, ಆಮೇಲೆ ಯುದ್ಧದ ಬಾಂಬು, ಎರಡೂ ಸೇರಿ ಆ ಕಾಲದ ಸಿನಿಮಾಗಳಲ್ಲಿ ಉಳಿದದ್ದೇ ಸ್ವಲ್ಪ.

ಇನ್ನೊಂದು ದಾರಿ: ನಿರ್ದೇಶಕ ಬೇಡ, ನಟಿಯನ್ನು ಹಿಡಿಯಿರಿ

ಇಷ್ಟೆಲ್ಲ ಹೇಳಿ, ನಾನೇ ಇವತ್ತು ಹೊಸದಾಗಿ ಶುರು ಮಾಡುವುದಾದರೆ ನಾಲ್ವರಲ್ಲಿ ಯಾರನ್ನೂ ಆರಿಸುವುದಿಲ್ಲ. ಕಿನುಯೊ ತನಾಕಾ ಅವರ ಬೆನ್ನು ಹತ್ತುತ್ತೇನೆ.

1909ರಲ್ಲಿ ಹುಟ್ಟಿದ ತನಾಕಾ ಮೂಕಿ ಕಾಲದಲ್ಲಿ ಹುಡುಗಿಯಾಗಿ ಬಂದವರು. ಜಪಾನಿನಲ್ಲಿ ಮಾತಾಡುವ ಸಿನಿಮಾ ಬೇರೂರಿದ್ದು 1931ರ 'ದ ನೇಬರ್ಸ್ ವೈಫ್ ಆ್ಯಂಡ್ ಮೈನ್'ನಿಂದ, ಅದರಲ್ಲಿ ಅವರಿದ್ದಾರೆ. ಮಿಜೊಗುಚಿಯ 'ಉಗೆತ್ಸು'ವಿನ ಮಿಯಾಗಿ ಅವರೇ, 'ಸಾನ್ಶೋ'ದ ತಾಯಿ ಅವರೇ, 1952ರ 'ಲೈಫ್ ಆಫ್ ಓಹಾರು'ವಿನಲ್ಲಿ ಅರಮನೆಯಿಂದ ಬೀದಿಗೆ ಬೀಳುವ ಓಹಾರು ಕೂಡ ಅವರೇ. ಅದೇ ವರ್ಷ ನರುಸೆಯ 'ಮದರ್'ನಲ್ಲಿ ಬಟ್ಟೆ ಒಗೆಯುವ ಅಂಗಡಿ ನಡೆಸಿ ಮಕ್ಕಳನ್ನು ಸಾಕುವ ಅಮ್ಮ. ಓಜುವಿನ ಮೊದಲ ಬಣ್ಣದ ಸಿನಿಮಾ 'ಈಕ್ವಿನಾಕ್ಸ್ ಫ್ಲವರ್'ನಲ್ಲಿ (1958) ಹಠಮಾರಿ ಗಂಡನನ್ನು ನಗುತ್ತಲೇ ದಾರಿಗೆ ತರುವ ಹೆಂಡತಿ. ಕುರೊಸಾವಾ ಅವರ 'ರೆಡ್ ಬಿಯರ್ಡ್'ನಲ್ಲಿ (1965) ಚಿಕ್ಕ ಪಾತ್ರ. ನಾಲ್ವರ ಕ್ಯಾಮೆರಾ ಮುಂದೆಯೂ ಅದೇ ಮುಖ. ಯಾರು ಅವರನ್ನು ಎಷ್ಟು ಹತ್ತಿರದಿಂದ ನೋಡಿದರು, ಯಾರು ದೂರ ನಿಂತರು ಎಂದು ಹೋಲಿಸಿದರೆ ನಾಲ್ವರ ಗುಣವೂ ತಾನಾಗಿ ತಿಳಿಯುತ್ತದೆ.

1953ರಲ್ಲಿ ಅವರು ತಾವೇ ನಿರ್ದೇಶಕಿಯಾಗಲು ಹೊರಟರು. ಮಿಜೊಗುಚಿ ವಿರೋಧಿಸಿದರು. ನರುಸೆ ತಮ್ಮ ಸಿನಿಮಾದಲ್ಲಿ ಸಹಾಯಕಿಯಾಗಿ ಸೇರಿಸಿಕೊಂಡು ಕೆಲಸ ಕಲಿಸಿದರು. ಎರಡನೆಯ ಸಿನಿಮಾಗೆ ಓಜು ಬರೆದಿದ್ದ ಚಿತ್ರಕಥೆಯೇ ಸಿಕ್ಕಿತು. 1962ರ ಒಳಗೆ ಆರು ಸಿನಿಮಾ ಮಾಡಿದರು. ಮೊದಲನೆಯ 'ಲವ್ ಲೆಟರ್' ಕಾನ್‌ಗೆ ಹೋಯಿತು. ಆ ಆರರಲ್ಲಿ ಒಂದನ್ನೇ ಆರಿಸಿ ಅಂದರೆ 1955ರ 'ಫಾರೆವರ್ ಅ ವುಮನ್'. ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡ ಫುಮಿಕೊ ನಕಾಜೊ ಎಂಬ ಕವಯಿತ್ರಿಯ ಬದುಕು. ಮೊಲೆ ಕಳೆದುಕೊಂಡ ಹೆಣ್ಣಿನ ಆಸೆಯನ್ನು ಇಷ್ಟು ನೇರವಾಗಿ ತೋರಿಸುವ ಧೈರ್ಯ ಆ ಕಾಲದ ಗಂಡಸು ನಿರ್ದೇಶಕರಲ್ಲಿ ನನಗೆ ಕಾಣಲಿಲ್ಲ.

ಕೊನೆಗೆ 1974ರ 'ಸಂದಾಕಾನ್ ನಂ. 8' ನೋಡಿ, ಕೆ ಕುಮಾಯಿ ನಿರ್ದೇಶಿಸಿದ್ದು. ಇಪ್ಪತ್ತು ವರ್ಷದ ಹಿಂದೆ ಸಾಡೊ ದ್ವೀಪಕ್ಕೆ ಮಾರಾಟವಾದ ತಾಯಿಯಾಗಿದ್ದ ತನಾಕಾ, ಇದರಲ್ಲಿ ಹುಡುಗಿಯಾಗಿದ್ದಾಗ ಬೋರ್ನಿಯೋದ ವೇಶ್ಯಾಗೃಹಕ್ಕೆ ಮಾರಾಟವಾಗಿ ಬಂದ ಮುದುಕಿ ಒಸಾಕಿ. ಬರ್ಲಿನ್‌ನಲ್ಲಿ ಇದಕ್ಕೆ ಅತ್ಯುತ್ತಮ ನಟಿ ಪ್ರಶಸ್ತಿ ಬಂದಾಗ ಅವರಿಗೆ ಅರವತ್ತೈದು. ಅವಳ ಕಥೆ ಕೇಳಲು ಗುಡಿಸಲಿಗೆ ಬಂದು ಉಳಿದ ಯುವತಿ ಹೊರಡುವಾಗ ದುಡ್ಡು ಕೊಡಲು ಹೋಗುತ್ತಾಳೆ. ಒಸಾಕಿ ತೆಗೆದುಕೊಳ್ಳುವುದಿಲ್ಲ. ನೀನು ಬಳಸಿದ ಟವೆಲ್ ಕೊಟ್ಟು ಹೋಗು, ಅದನ್ನು ಮುಟ್ಟಿದಾಗಲೆಲ್ಲ ನಿನ್ನ ನೆನಪಾಗುತ್ತೆ ಅನ್ನುತ್ತಾಳೆ. ಕೊಟ್ಟ ಮೇಲೆ ಆ ಟವೆಲನ್ನು ಎದೆಗೆ ಒತ್ತಿಕೊಂಡು ಮಗುವಿನ ಹಾಗೆ ಅಳುತ್ತಾಳೆ.